ಒಂದೇ ಬೈಬಲ್, ಬೇರೆ ಬೇರೆ ನಿಲುವು

ಗರ್ಭಪಾತಕ್ಕೆ ಕಾನೂನಿನ ಅವಕಾಶವಿರಬೇಕೆ? ಅಮೆರಿಕದ ಕ್ರೈಸ್ತರು ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2024ರ ಸಮೀಕ್ಷೆಯಲ್ಲಿ, ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರಲ್ಲಿ ಶೇ. 73 ಮಂದಿ ಎಲ್ಲ ಅಥವಾ ಬಹುತೇಕ ಸಂದರ್ಭಗಳಲ್ಲಿ ಅದು ನಿಷಿದ್ಧವಾಗಿರಬೇಕು ಎಂದರು. ಕಪ್ಪು ಜನಾಂಗದ ಪ್ರಾಟೆಸ್ಟೆಂಟರಲ್ಲಿ ಶೇ. 71 ಮಂದಿ ಅವಕಾಶವಿರಬೇಕು ಎಂದರು. ಕಥೋಲಿಕರಲ್ಲೂ ಶೇ. 59 ಮಂದಿ ಹಾಗೆಯೇ ಹೇಳಿದರು. ಎಲ್ಲರೂ ಓದುವುದು ಒಂದೇ ಬೈಬಲ್. ಹಾಗಾದರೆ ಈ ಅಂತರವೇಕೆ?

ಬದಲಾದ ನಿಲುವು

ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆಯು 1971ರಲ್ಲಿ, ಅತ್ಯಾಚಾರ, ತಾಯಿಯ ಆರೋಗ್ಯಕ್ಕೆ ಹಾನಿ ಮುಂತಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ನೀಡುವ ಕಾನೂನು ಬೇಕೆಂದು ನಿರ್ಣಯ ಮಾಡಿತ್ತು. 1980ರಲ್ಲಿ, ತಾಯಿಯ ಪ್ರಾಣ ಉಳಿಸುವ ಸಂದರ್ಭದ ಹೊರತು ನಿಷೇಧ ಬೇಕೆಂದಿತು. ಈ ಒಂಬತ್ತು ವರ್ಷಗಳಲ್ಲಿ ಬೈಬಲ್ ಬದಲಾಗಲಿಲ್ಲ. ಓದುವವರ ಕಾಲ ಬದಲಾಗಿತ್ತು.

ಇತಿಹಾಸದ ಗಾಯ

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ದೈವಭಕ್ತೆ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಗಾರ್ತಿ. 1961ರಲ್ಲಿ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಹೋದ ಆಕೆಯ ಗರ್ಭಕೋಶವನ್ನೇ ಒಪ್ಪಿಗೆಯಿಲ್ಲದೆ ತೆಗೆದುಹಾಕಿದರು. ಆಕೆ ಗರ್ಭಪಾತವನ್ನೂ ವಿರೋಧಿಸಿದರು. ಆದರೆ ಇಂಥದೇ ನೋವು ಕಂಡ ಬೇರೆಯವರು, 'ನಮ್ಮ ಒಡಲಿನ ವಿಷಯದಲ್ಲಿ ಸರ್ಕಾರ ತೀರ್ಮಾನಿಸುವುದು ಬೇಡ' ಎಂಬ ಪಾಠ ಕಲಿತರು. ಗರ್ಭಪಾತ ಪಾಪವೆಂದು ನಂಬಿಯೂ ನಿಷೇಧ ಬೇಡವೆನ್ನುವವರು ಅವರಲ್ಲಿದ್ದಾರೆ. ಅವರ ಭಯಕ್ಕೆ ಕಾರಣವಿದೆ: 2021ರಲ್ಲಿ ಅಲ್ಲಿ ಒಂದು ಲಕ್ಷ ಜನನಗಳಿಗೆ ಸತ್ತ ತಾಯಂದಿರು ಬಿಳಿಯರಲ್ಲಿ 26.6, ಕಪ್ಪು ಜನರಲ್ಲಿ 69.9.

ನಮ್ಮ ಬೋಧನೆ

ಧರ್ಮಸಭೆಯ ಬೋಧನೆ ಮತಗಳ ಎಣಿಕೆಯಿಂದ ನಿರ್ಧಾರವಾಗುವಂಥದಲ್ಲ. ಹುಟ್ಟದ ಶಿಶುವಿನ ಜೀವ ಪವಿತ್ರವೆಂದು ಪೋಪ್ ಎರಡನೇ ಜಾನ್ ಪೌಲರು 1995ರ 'ಜೀವದ ಶುಭಸಂದೇಶ' ಎಂಬ ವಿಶ್ವಪತ್ರದಲ್ಲಿ ದೃಢವಾಗಿ ಸಾರಿದರು. ಗರ್ಭಪಾತ ಮಾಡಿಸಿಕೊಂಡ ಸ್ತ್ರೀಯರಿಗೆ ದೇವರ ಕ್ಷಮೆಯ ಭರವಸೆಯನ್ನೂ ಅದೇ ಪತ್ರದಲ್ಲಿ ನೀಡಿದರು. ಹುಟ್ಟದ ಶಿಶು, ಬಡವರು, ಮರಣದಂಡನೆಗೆ ಗುರಿಯಾದವರು, ಇವರೆಲ್ಲರ ಜೀವವನ್ನೂ ಒಂದೇ ಕಣ್ಣಿನಿಂದ ನೋಡಬೇಕೆಂದು ಚಿಕಾಗೋದ ಕಾರ್ಡಿನಲ್ ಬರ್ನಾರ್ಡಿನ್ 1983ರಿಂದ ಬೋಧಿಸಿದರು.

1973ರಲ್ಲಿ ದೇಶಾದ್ಯಂತ ದೊರೆತಿದ್ದ ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟು 2022ರಲ್ಲಿ ರದ್ದುಮಾಡಿತು. ಆದರೆ ತೀರ್ಪು ಯಾರ ಭಯವನ್ನೂ ನೀಗಿಸುವುದಿಲ್ಲ. ಶಿಶುವನ್ನು ಉಳಿಸು ಎಂದು ತಾಯಿಗೆ ಹೇಳುವ ಬಾಯಿ, ಆ ತಾಯಿಯ ಜೀವಕ್ಕೂ ಮರುಗುತ್ತದೆಂಬ ನಂಬಿಕೆ ಮೊದಲು ಆಕೆಗೆ ಬರಬೇಕು.

ಮನೆಯಲ್ಲಿ ಚಿಂತಿಸಿರಿ:

1. ಜೀವದ ಬಗ್ಗೆ ನಮ್ಮ ಅಭಿಪ್ರಾಯ ರೂಪಿಸಿದ್ದು ಶುಭಸಂದೇಶವೋ, ನಮ್ಮವರ ಮಾತೋ?

2. ದಿಕ್ಕುಗಾಣದ ಗರ್ಭಿಣಿಯೊಬ್ಬಳು ನಮ್ಮ ಧರ್ಮಕೇಂದ್ರದಲ್ಲಿ ಅಂಜದೆ ಯಾರ ಮನೆಯ ಬಾಗಿಲು ತಟ್ಟಬಲ್ಲಳು?