ನಡುವೆ ಸೊರಗಿ ನಿಲ್ಲುವ ಹಳೆಯ ಡೀಸೆಲ್ ಎಂಜಿನ್



ರೊಬಸ್ಟಾ ತೋಟದಲ್ಲಿ ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಹೂವಿಗೆ ನೀರು ಹೊಡೆಯುವುದು ಮುಂದೂಡುವ ಕೆಲಸವಲ್ಲ. ಮೊಗ್ಗು ಹದಕ್ಕೆ ಬಂದಾಗ ಸುಮಾರು 1ರಿಂದ 1½ ಅಂಗುಲ ನೀರು ಬೀಳಬೇಕು. ಅರೆಬರೆ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ವರ್ಷದ ಫಸಲಿಗೇ ಪೆಟ್ಟು. ಹಳೆಯ ಎಂಜಿನ್ ಕೈಕೊಡುವುದೂ ಇದೇ ಹೊತ್ತಿನಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ತೋಟದ ಎಂಜಿನ್ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಮೆಲ್ಲಗೆ ಸೊರಗಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸಲೀಸಾಗಿ ಹೊರಡುತ್ತಿತ್ತು. ಪೇಟೆಯಿಂದ ಕರೆತಂದ ಮೆಕ್ಯಾನಿಕ್ ಡೀಸೆಲ್ ಪಂಪನ್ನೇ ಬಿಚ್ಚಿದರು. ಎರಡು ದಿನ, ಒಂದಷ್ಟು ಹಣ ಹೋಯಿತು, ದೋಷ ಹೋಗಲಿಲ್ಲ. ಮೂರನೆಯ ದಿನ ಟ್ಯಾಂಕಿನ ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಗಾಳಿರಂಧ್ರಕ್ಕೆ ಕಣಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿತ್ತು! ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಬಾರದೆ ಹರಿವು ನಿಲ್ಲುತ್ತಿತ್ತು. ಒಂದು ಸಣ್ಣ ತಂತಿಯಿಂದ ಕೆಲಸ ಮುಗಿಯಿತು. ಅಷ್ಟರಲ್ಲಿ ಎರಡು ಎಕರೆಯ ಹೂವು ಕೆಟ್ಟಿತ್ತು.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಹೇಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಮೂರು: ಶುದ್ಧ ಡೀಸೆಲ್, ಸಾಕಷ್ಟು ಗಾಳಿ, ಬಿಗಿಯಾದ ಒತ್ತಡ.

1. ಹೊಗೆಯಿಲ್ಲದೆ ಸೊರಗಿ ನಿಂತರೆ: ಡೀಸೆಲ್ ಸಾಲುತ್ತಿಲ್ಲವೆಂದು ತಿಳಿಯಿರಿ. ಮೊದಲು ಮುಚ್ಚಳ ಸಡಿಲಿಸಿ ಓಡಿಸಿ ನೋಡಿ. ಆಗಲೂ ನಿಂತರೆ ಟ್ಯಾಂಕಿನ ಕೆಳಗಿನ ನಲ್ಲಿ, ಕೊಳವೆ, ಫಿಲ್ಟರ್ ಪರೀಕ್ಷಿಸಿ. ಹಳೆಯ ಟ್ಯಾಂಕಿನ ತುಕ್ಕು ಮತ್ತು ಕೆಸರು ನಲ್ಲಿಯ ಬಾಯಿಗೆ ಅಡ್ಡ ಬರುವುದುಂಟು.

2. ಮುಕ್ಕರಿಸುತ್ತ ಏರಿಳಿದು ಓಡಿದರೆ: ಡೀಸೆಲಿನಲ್ಲಿ ನೀರು ಅಥವಾ ಗಾಳಿ ಸೇರಿದೆ. ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲನ್ನು ಗಾಜಿನ ಶೀಸೆಗೆ ಹಿಡಿದಿಡಿ; ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ. ರಾತ್ರಿಯ ತಂಪಿಗೆ ಅರೆಖಾಲಿ ಟ್ಯಾಂಕಿನೊಳಗೆ ಬೆವರಿನಂತೆ ನೀರು ಕೂಡುವುದರಿಂದ ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಗಾಳಿ ತೆಗೆಯಲು ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಮಾಡಿ. ಅನಂತರ ಪಂಪಿನ ತಿರುಪಿಗೂ ಹಾಗೆಯೇ ಮಾಡಿ. ವಾಷರ್ ಹಳತಾಗಿದ್ದರೆ ಬದಲಾಯಿಸಿ, ಇಲ್ಲವಾದರೆ ಗಾಳಿ ಮತ್ತೆ ಸೇರುತ್ತದೆ. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಬೇಡಿ. ಅದು ಚರ್ಮ ತೂರಿ ಒಳಹೋಗುತ್ತದೆ.

3. ಕಪ್ಪು ಹೊಗೆಯೊಡನೆ ಶಕ್ತಿ ಕುಂದಿದರೆ: ಗಾಳಿ ಸಾಲದು, ಹೊರೆ ಹೆಚ್ಚಿದೆ, ಇಲ್ಲವೆ ಇಂಜೆಕ್ಟರ್ ಕೆಟ್ಟಿದೆ. ಎಣ್ಣೆ ತುಂಬುವ ಏರ್ ಕ್ಲೀನರಾದರೆ ಬಿಚ್ಚಿ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಕ್ಲೀನರ್ ತೆಗೆದಿಟ್ಟು ಓಡಿಸುವ ಅಡ್ಡದಾರಿ ಬೇಡ. ಧೂಳು ಲೈನರನ್ನು ತಿಂದುಹಾಕುತ್ತದೆ. ಎಂಜಿನ್ ನಿಲ್ಲಿಸಿ ನೀರಿನ ಪಂಪನ್ನು ಕೈಯಿಂದ ತಿರುಗಿಸಿ ನೋಡಿ. ಗ್ಲ್ಯಾಂಡ್ ಅತಿಯಾಗಿ ಬಿಗಿದಿದ್ದರೆ ಪಾಪ, ಎಂಜಿನ್ ಏನು ಮಾಡೀತು? ಹಿನ್ನೀರಿನ ಕಡೆ ಎಂಜಿನ್ ದೋಣಿ ಇರುವವರು ರೆಕ್ಕೆಗೆ ಜೊಂಡು, ಬಲೆ ಸುತ್ತಿದೆಯೇ ನೋಡಬೇಕು.

4. ಕಾದು ಬಿಗಿದು ನಿಂತರೆ: ತಂಪು ನೀರಿನ ಕೊಳವೆಯಲ್ಲಿ ಪಾಚಿ ಕಟ್ಟಿದೆಯೇ ನೋಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಟ್ಟೀತು. ತಾನಾಗಿ ಆರಲಿ. ಎಂಜಿನ್ ಎಣ್ಣೆಯ ಮಟ್ಟವನ್ನೂ ನೋಡಿ.

5. ನೀಲಿ ಹೊಗೆ ಬಂದು, ಹ್ಯಾಂಡಲ್ ತಿರುಗಿಸಿದಾಗ ತಡೆಯೇ ಇಲ್ಲದೆ ಹಗುರವಾಗಿ ತಿರುಗಿದರೆ: ರಿಂಗ್ ಅಥವಾ ವಾಲ್ವ್ ಸವೆದಿದೆ. ಇದು ಮತ್ತು ಇಂಜೆಕ್ಟರ್, ಡೀಸೆಲ್ ಪಂಪಿನ ಕೆಲಸ ಬಲ್ಲವರಿಗೇ ಬಿಡಿ.

ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಓಡಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬಿಚ್ಚಿದರೆ ದೋಷ ಯಾವುದೆಂದು ತಿಳಿಯುವುದೇ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ; ಹೊಗೆ ಪ್ರಾಣಕ್ಕೆ ಅಪಾಯ.

ಜನವರಿಯಲ್ಲೇ ಒಂದು ಗಂಟೆ ಹೊರೆಯೊಡನೆ ಓಡಿಸಿ ಪರೀಕ್ಷಿಸಿ. ಹತ್ತು ನಿಮಿಷ ಓಡಿಸಿ ‘ಸರಿಯಿದೆ’ ಎಂದುಕೊಂಡರೆ ಸಾಲದು. ನನ್ನ ಎಂಜಿನ್ನೂ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಒಂದು ಫಿಲ್ಟರ್, ನಾಲ್ಕು ವಾಷರ್, ಒಂದು ತುಂಡು ತಂತಿ ಶೆಡ್ಡಿನಲ್ಲಿರಲಿ.

— ಕಾರ್ಯದರ್ಶಿ