ಆಳುವ ಪಕ್ಷದ ಪರವಾಗಿ ಮಾತಾಡಿದ ವರ್ಷಗಳು

1984ರ ಡಿಸೆಂಬರ್ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕು. ಮೂರು ತಿಂಗಳು ತುಂಬುವ ಮೊದಲೇ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ಅದೇ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನ ಕೊಟ್ಟರು. ಎರಡೂ ಸಲ ನಾನು ಪಾವಗಡ, ಮಧುಗಿರಿ ಕಡೆಯ ಬಯಲುಸೀಮೆ ಹಳ್ಳಿಗಳಲ್ಲಿ ಪಕ್ಷದ ಕೆಲಸ ಮಾಡುತ್ತಿದ್ದೆ. ಕರಪತ್ರ ಬರೆಯುವುದು, ಸಂತೆಯಲ್ಲಿ ಮಾತಾಡುವುದು, ಹೋಟೆಲಿನ ಬೆಂಚಿನ ಮೇಲೆ ಕೂತು ಸರ್ಕಾರವನ್ನು ಬೈಯುವವರಿಗೆ ಉತ್ತರ ಹೇಳುವುದು ನನ್ನ ಪಾಲಿಗೆ ಬಂದಿದ್ದ ಕೆಲಸ. ಆಳುವ ಪಕ್ಷದ ಪರವಾಗಿ ವಾದಿಸುವುದು ಅಂದರೆ ಏನು ಎಂದು ನಾನು ಕಲಿತದ್ದು ಆ ವರ್ಷಗಳಲ್ಲೇ.

ಡಿಸೆಂಬರ್‌ನಲ್ಲಿ ಜನ ಇಂದಿರಾ ಗಾಂಧಿಯವರ ಸಾವಿನ ದುಃಖದಲ್ಲಿ ಮತ ಹಾಕಿದರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆ ಸೋಲನ್ನು ತಮ್ಮ ಸರ್ಕಾರದ ಮೇಲಿನ ತೀರ್ಪೆಂದು ಒಪ್ಪಿ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮಾರ್ಚ್‌ನಲ್ಲಿ ಜನ ಕೇಳಿದ ಪ್ರಶ್ನೆಗಳೇ ಬೇರೆ. ನೀರು ಬಂತಾ? ಪಡಿತರದ ಅಕ್ಕಿ ಸರಿಯಾಗಿ ಸಿಗುತ್ತಾ? ಬರದ ಕೆಲಸದ ಕೂಲಿ ಕೈಗೆ ಬಂತಾ? ದಿಲ್ಲಿಯ ಮತವೇ ಬೇರೆ, ಬೆಂಗಳೂರಿನ ಮತವೇ ಬೇರೆ ಎಂದು ಅಕ್ಷರ ಬಾರದ ಮುದುಕಿಯರು ನನಗೆ ಬಿಡಿಸಿ ಹೇಳಿದ್ದುಂಟು. ಮತದಾರರಿಗೆ ಏನೂ ತಿಳಿಯುವುದಿಲ್ಲ, ಭಾವನೆಗೆ ಮರುಳಾಗುತ್ತಾರೆ ಎನ್ನುವ ಮಾತನ್ನು ಅಂದಿನಿಂದ ನಾನು ಯಾರ ಬಾಯಲ್ಲಿ ಬಂದರೂ ಸಹಿಸಿಲ್ಲ.

ಆಗ ನಮ್ಮ ಕಾರ್ಯಕರ್ತರ ನಾಲಿಗೆ ತುದಿಯಲ್ಲಿ ಸದಾ ಒಂದು ಉತ್ತರ ಇರುತ್ತಿತ್ತು: "ಗುಂಡೂರಾಯರ ಕಾಲದಲ್ಲಿ ಏನಾಗಿತ್ತು?" ಅವರು ಮುಖ್ಯಮಂತ್ರಿಯಾಗಿದ್ದಾಗ ರೈತರ ಮೇಲೆ ನಡೆದ 1980ರ ನರಗುಂದ, ನವಲಗುಂದದ ಗೋಲಿಬಾರು, ಆಮೇಲಿನ ಗೋಕಾಕ್ ಭಾಷಾ ಚಳವಳಿ, ಎಲ್ಲವೂ ಜನರ ನೆನಪಿನಲ್ಲಿದ್ದವು. 1983ರಲ್ಲಿ, ನಾವು ಅಧಿಕಾರಕ್ಕೆ ಬಂದ ಹೊಸತರಲ್ಲಿ, ಆ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಅದೇ ಮಾತು ಆಡಿದರೆ ಜನ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಹಿಂದಿನವರ ತಪ್ಪು ಒಂದು ಸರ್ಕಾರವನ್ನು ಗದ್ದುಗೆಗೆ ಏರಿಸಬಹುದು. ಏರಿದ ಮೇಲೆ ಅಲ್ಲಿ ಉಳಿಯುವುದಕ್ಕೆ ಸ್ವಂತ ಲೆಕ್ಕವೇ ಬೇಕು.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲಿದ್ದದ್ದು ಕುಡಿಯುವ ನೀರು. ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್‌ಸಾಬರು ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಕೂರಿಸಿದರು. ಜನ ಅವರನ್ನು ನೀರ್‌ಸಾಬ್ ಎಂದೇ ಕರೆದರು. ಪಕ್ಷದ ಯಾವ ಕಾರ್ಯಕರ್ತನೂ ಕಟ್ಟಿಕೊಟ್ಟ ಹೆಸರಲ್ಲ ಅದು. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಇರುವ ಗೌರವವನ್ನು ಮುಚ್ಚಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಆದರೆ ಟೀಕಿಸುವವರೂ ಸಾಮಾನ್ಯರಾಗಿರಲಿಲ್ಲ. ನಮ್ಮ ಹೋಬಳಿಯಲ್ಲಿ ಹಳೇ ಕಾಂಗ್ರೆಸ್ಸಿನ ಗೌಡರೊಬ್ಬರಿದ್ದರು. ದೇವರಾಜ ಅರಸರ ಕಾಲದಲ್ಲಿ ಭೂನ್ಯಾಯ ಮಂಡಳಿಯ ಮುಂದೆ ಗೇಣಿದಾರರ ಪರವಾಗಿ ನಿಂತವರು, ಸ್ವಂತ ಬಂಧುಗಳನ್ನೇ ಎದುರು ಹಾಕಿಕೊಂಡವರು. ಒಂದು ದಿನ ನನ್ನ ಕರಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಹರಿಜನ ಕಾಲೊನಿಗೆ ಕರೆದೊಯ್ದು ಬೋರಿಂಗ್ ಮುಂದೆ ನಿಲ್ಲಿಸಿ, "ಹೊಡಿ ತಮ್ಮಾ" ಅಂದರು. ಹೊಡೆದೆ. ಹಿಡಿಕೆ ಭಾರವೇ ಇಲ್ಲದೆ ಮೇಲೆ ಕೆಳಗೆ ಆಡಿತು. ಸರಪಳಿಯ ಸದ್ದು ಬಂತೇ ಹೊರತು ನೀರು ಬರಲಿಲ್ಲ. ಕೊಡ ಹಿಡಿದು ನಿಂತಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. "ನಿನ್ ಪೇಪರ್‌ನಾಗೆ ಎಷ್ಟು ಕೊರೆದ್ರಿ ಅಂತ ಐತೆ. ಎಷ್ಟು ನಿಂತವೆ ಅನ್ನೋ ಲೆಕ್ಕ ಎಲ್ಲೈತೆ?" ಎಂದು ಕೇಳಿದರು ಗೌಡರು.

ಆ ಪಂಪುಗಳ ರಿಪೇರಿ ಹೇಗೆ ಎಂದು ತಿಳಿಯಲು ಮೆಕ್ಯಾನಿಕ್ ಒಬ್ಬರ ಜೊತೆ ಕೂತೆ. ಇಂಡಿಯಾ ಮಾರ್ಕ್ 2 ಪಂಪಿನಲ್ಲಿ ಹಿಡಿಕೆ, ಸರಪಳಿಗಳೆಲ್ಲ ಮೇಲೇ ಇರುತ್ತವೆ. ಆದರೆ ನೀರೆತ್ತುವ ಸಿಲಿಂಡರ್ ಇರುವುದು ಆಳದಲ್ಲಿ. ಅದರೊಳಗಿನ ಚರ್ಮದ ವಾಷರ್ ಸವೆದರೆ ಹಿಡಿಕೆ ಹಗುರಾಗುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಆ ವಾಷರ್ ಬದಲಿಸಲು ಅಷ್ಟೂ ಕಬ್ಬಿಣದ ಪೈಪು, ರಾಡುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಅದಕ್ಕೆ ಆಳುಗಳು ಬೇಕು, ಸಾಮಾನು ಬೇಕು, ತಾಲ್ಲೂಕಿನಿಂದ ವ್ಯಾನ್ ಬರಬೇಕು. ದೂರು ಹಳ್ಳಿಯಿಂದ ಹೊರಟು ಮೇಲಿನ ಕಚೇರಿ ಮುಟ್ಟಿ ಮತ್ತೆ ಇಳಿದು ಬರುವಷ್ಟರಲ್ಲಿ ಹೆಂಗಸರು ಹೊಲದ ಬಾವಿಗೆ ನಡೆಯತೊಡಗಿರುತ್ತಿದ್ದರು.

ಮುಂದಿನ ಕರಪತ್ರದಲ್ಲಿ ಪ್ರತಿ ಹೋಬಳಿಯ ಎಲ್ಲ ಪಂಪುಗಳ ಪಟ್ಟಿ ಹಾಕೋಣ, ಊರು, ಕೇರಿ, ನೀರಿದೆಯೋ, ಕೆಟ್ಟಿದೆಯೋ, ಬಾವಿಯೇ ಬತ್ತಿದೆಯೋ ಎಲ್ಲವನ್ನೂ ಅಚ್ಚು ಹಾಕಿಸೋಣ ಎಂದೆ. ಪಕ್ಷದ ಹಿರಿಯರು ಕೆರಳಿದರು. ವಿರೋಧಿಗಳ ಕೈಗೆ ನಾವೇ ಕೋಲು ಕೊಡುವುದೇ ಎಂದು ರೇಗಿದರು. ಕೊನೆಗೆ ಒಂದೇ ಹೋಬಳಿಗೆ ಒಪ್ಪಿಕೊಂಡರು. ಆ ಪಟ್ಟಿ ಹೋಟೆಲಿನ ಗೋಡೆಗೆ ಅಂಟಿದ ಮೇಲೆ ಮಾತಿನ ವರಸೆಯೇ ಬದಲಾಯಿತು. ಜನ ಸರ್ಕಾರವನ್ನು ಬಿಟ್ಟು ಪಟ್ಟಿಯೊಂದಿಗೆ ಜಗಳ ಆಡಿದರು. ನಮ್ಮೂರಿಂದು ತಪ್ಪು ಬರೆದಿದ್ದೀರಿ, ಅದು ಹೋದ ವಾರವೇ ರಿಪೇರಿ ಆಯ್ತು ಎಂದು ಒಬ್ಬರು ಬಂದರೆ, ನಮ್ಮದರಲ್ಲಿ ನೀರು ಬರುತ್ತೆ, ಆದರೆ ಉಪ್ಪು ಎಂದು ಇನ್ನೊಬ್ಬರು ಬಂದರು. ಕೆಟ್ಟ ಪಂಪುಗಳ ಹೆಸರನ್ನು ನಾವೇ ಬರೆದಿದ್ದರಿಂದ ನೀರು ಕೊಡುತ್ತಿದ್ದ ಪಂಪುಗಳನ್ನೂ ಜನ ನಂಬಿದರು. ಅವುಗಳ ಸಂಖ್ಯೆಯೇ ಹೆಚ್ಚಿತ್ತು. ನಾನು ಮಾಡಿದ ಸಮರ್ಥನೆಗಳಲ್ಲಿ ಅಷ್ಟು ಗಟ್ಟಿಯಾಗಿ ನಿಂತದ್ದು ಇನ್ನೊಂದಿಲ್ಲ. ಅದರಲ್ಲಿ ಹೊಗಳಿಕೆಯ ಒಂದು ಮಾತೂ ಇರಲಿಲ್ಲ.

ಈಚೆಗೆ ಕೊಳವೆಬಾವಿಗಳ ಬಗ್ಗೆ ಬೇರೊಂದು ಆಕ್ಷೇಪ ಕೇಳುತ್ತೇನೆ. ಪಾವಗಡದ ಮಕ್ಕಳ ಹಲ್ಲು ಕಂದಿಸಿದ ಫ್ಲೋರೈಡ್ ನೀರಿಗೆ ನೀರ್‌ಸಾಬರ ಬಾವಿಗಳೇ ಮೂಲ ಎನ್ನುತ್ತಾರೆ. ನೋವು ನಿಜ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅಂದು ಜನರ ಮುಂದಿದ್ದದ್ದು ಬತ್ತಿದ ಕೆರೆ, ಕೆಸರಿನ ತೆರೆದ ಬಾವಿ. ರಾಯಚೂರು, ಕಲಬುರಗಿ ಕಡೆ ಮೆಟ್ಟಿಲುಬಾವಿಯ ನೀರಿನಿಂದ ನಾರುಹುಣ್ಣು ಆಗಿ ಜನ ತಿಂಗಳುಗಟ್ಟಲೆ ಮಲಗುತ್ತಿದ್ದರು. ಕುಡಿಯುವ ನೀರಿನ ಕೈಪಂಪು ಭೂಮಿಯಿಂದ ಎತ್ತುವುದು ಎಷ್ಟು? ಅಂತರ್ಜಲವನ್ನು ಹೀರಿ ಪಾತಾಳಕ್ಕೆ ತಳ್ಳಿದ್ದು ಆಮೇಲೆ ಬಂದ ನೀರಾವರಿ ಬೋರುಗಳು. ನೀರಿನ ಪರೀಕ್ಷೆ ಮಾಡಿಸಿ ಬೇರೆ ಮೂಲ ಒದಗಿಸುವ ಹೊಣೆ ಮುಂದಿನ ದಶಕಗಳ ಎಲ್ಲ ಸರ್ಕಾರಗಳ ಮೇಲೂ ಇತ್ತು. ಆ ಬಾಕಿಯನ್ನೆಲ್ಲ 1983ರ ಖಾತೆಗೆ ಬರೆಯುವುದು ಅನ್ಯಾಯ.

ಪಂಚಾಯ್ತಿಯ ವಿಷಯಕ್ಕೆ ಬಂದರೆ ವಾದ ಇನ್ನೂ ಬಿಸಿಯಾಗಿತ್ತು. 1983ರ ಕಾನೂನಿನಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಶೇಕಡಾ 25 ಸ್ಥಾನ ಹೆಂಗಸರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಅಧಿಕಾರ ಹಂಚಿದರೆ ಲಂಚವೂ ಹಂಚಿಹೋಗುತ್ತದೆ ಎಂಬುದು ವಿರೋಧಿಗಳ ದೊಡ್ಡ ಆಕ್ಷೇಪ. ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೆ. ಮಂಡಲದಲ್ಲಿ ಕದ್ದವನ ಮನೆ ಎಲ್ಲರಿಗೂ ಗೊತ್ತು, ಅವನು ಸಂಜೆ ಅದೇ ಅರಳಿಕಟ್ಟೆಯ ಮುಂದೆ ಹಾದು ಹೋಗಬೇಕು. ವಿಧಾನಸೌಧದಲ್ಲಿ ಕದ್ದವನನ್ನು ಹಳ್ಳಿಯವರು ನೋಡುವುದೇ ಚುನಾವಣೆಗೆ.

ಈ ಕಾನೂನಿನ ಬಲವಾದ ವಿರೋಧಿಗಳು ಎದುರು ಪಕ್ಷದಲ್ಲಿ ಇರಲಿಲ್ಲ. ನಮ್ಮ ಶಾಸಕರೇ ಒಳಗೊಳಗೆ ಕುದಿಯುತ್ತಿದ್ದರು. ಮಾಸ್ತರ ವರ್ಗಾವಣೆ, ರಸ್ತೆ ಕಾಮಗಾರಿ, ಎಲ್ಲವೂ ಕೈತಪ್ಪಿ ಅವರಿಗೆ ಉಳಿದದ್ದು ಸಲಹೆ ಕೊಡುವ ತಾಲ್ಲೂಕು ಪಂಚಾಯ್ತಿ ಸಮಿತಿಯ ಅಧ್ಯಕ್ಷಗಿರಿ. ವೇದಿಕೆಯ ಮೇಲೆ ವಿಕೇಂದ್ರೀಕರಣ ಎಂದು ಭಾಷಣ ಮಾಡಿ, ಕೆಳಗಿಳಿದ ಕೂಡಲೇ ಆ ಕಾನೂನು ತಂದ ನಜೀರ್‌ಸಾಬರನ್ನು ಶಪಿಸಿದವರನ್ನು ನಾನು ಬಲ್ಲೆ. ಹೊರಗಿನವರ ಟೀಕೆಗೆ ಉತ್ತರ ಹೇಳಬಹುದು, ಏಕೆಂದರೆ ಅದು ನಾಲ್ಕು ಜನರ ಮುಂದೆ ಬರುತ್ತದೆ. ಒಳಗಿನದು ಎಲ್ಲಿಯೂ ಎದುರಿಗೆ ಬಂದು ನಿಲ್ಲುವುದಿಲ್ಲ.

ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯವನ್ನು ಹೈಕೋರ್ಟು ಟೀಕಿಸಿದಾಗ, 1986ರ ಫೆಬ್ರುವರಿಯಲ್ಲಿ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಹಿಂದೆಗೆದುಕೊಂಡರು. ಅದನ್ನು ಸಮರ್ಥಿಸಲು ನಾನು ವೇದಿಕೆ ಹತ್ತಲಿಲ್ಲ. ಸಾರಾಯಿ ಅಂಗಡಿಗೆ ಕೂಲಿ ದುಡ್ಡು ಹೋಗುವುದನ್ನು ದಿನಾ ನೋಡುವ ಹೆಂಗಸರ ಮುಂದೆ ಯಾವ ಬಾಯಲ್ಲಿ ಮಾತಾಡುವುದು? ಲೋಕಾಯುಕ್ತವನ್ನು ತಂದದ್ದು ಇದೇ ಸರ್ಕಾರ ಎಂದು ಹೇಳಬಹುದಿತ್ತು, ಅದು ನಿಜವೂ ಹೌದು. ಆದರೆ ಒಂದು ಒಳ್ಳೆಯ ಕೆಲಸ ಇನ್ನೊಂದು ಕೆಟ್ಟ ಕೆಲಸಕ್ಕೆ ಉತ್ತರವಲ್ಲ. ಲಂಕೇಶ್ ಪತ್ರಿಕೆ ನಮ್ಮ ಕಡೆಯ ಹೋಟೆಲುಗಳಿಗೂ ಬರುತ್ತಿತ್ತು. ಗುಂಡೂರಾಯರನ್ನು ಹಿಡಿದು ಜಾಡಿಸಿದ ಅದೇ ಪತ್ರಿಕೆ ನಮ್ಮವರನ್ನೂ ಬಿಡಲಿಲ್ಲ. ಅದರ ಮೇಲೆ ಕೋಪ ಮಾಡಿಕೊಂಡ ಗೆಳೆಯರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಸಾರಾಯಿಯ ಬಗ್ಗೆ ಬಾಯಿ ಮುಚ್ಚಿಕೊಂಡರೆ ನೀರಿನ ಬಗ್ಗೆ ನಾವು ಹೇಳಿದ್ದನ್ನು ಜನ ಕೇಳುತ್ತಾರೆ. ಎರಡಕ್ಕೂ ಒಂದೇ ದನಿಯಲ್ಲಿ ವಕಾಲತ್ತು ಮಾಡಿದರೆ ಎರಡನ್ನೂ ಕೇಳುವುದಿಲ್ಲ.

1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಹೆಗಡೆ ಇಳಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಜೀರ್‌ಸಾಬರು ತೀರಿಕೊಂಡರು. ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಲಾಯಿತು. ಆ ವಜಾ ತಪ್ಪು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. 1989ರ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 178 ಗೆದ್ದಿತು, ಆ ಹೊತ್ತಿಗೆ ಜನತಾ ದಳವಾಗಿದ್ದ ನಮ್ಮ ಪಕ್ಷ 24ಕ್ಕೆ ಇಳಿಯಿತು. ಪಂಪು, ಪಂಚಾಯ್ತಿ ಎಲ್ಲವೂ ಇದ್ದಲ್ಲೇ ಇದ್ದವು. ನಮ್ಮ ನಾಯಕರು ತಮ್ಮತಮ್ಮಲ್ಲೇ ಕಚ್ಚಾಡುತ್ತಾ ಒಬ್ಬರ ಸಾಧನೆಯನ್ನು ಇನ್ನೊಬ್ಬರು ಹಳಿದರು. ವಿರೋಧಿಗಳಿಗೆ ಹೊಸ ಟೀಕೆ ಹುಡುಕುವ ಕಷ್ಟವೇ ಇರಲಿಲ್ಲ, ನಮ್ಮವರು ಆಡಿದ್ದನ್ನೇ ತಿರುಗಿ ಹೇಳಿದರು. ಆ ಚುನಾವಣೆಯಲ್ಲಿ ನಾನು ಮಾತಾಡಿದ ಸಭೆಗಳು ನೆನಪಾದರೆ ಇಂದಿಗೂ ಸಂಕಟವಾಗುತ್ತದೆ.

ಆದರೂ ಕೆಲಸ ಉಳಿಯಿತು, ಅದನ್ನು ಉಳಿಸಿಕೊಳ್ಳಲು ಹೊರಟವರಲ್ಲಿ ನಮ್ಮ ಎದುರಾಳಿಗಳೂ ಇದ್ದರು. ಮಹಿಳಾ ಮೀಸಲು ಸ್ಥಾನದಲ್ಲಿ ಆ ಗೌಡರ ಸೊಸೆ ಕಾಂಗ್ರೆಸ್ಸಿನವರ ಬೆಂಬಲದಿಂದಲೇ ಮಂಡಲಕ್ಕೆ ಗೆದ್ದಿದ್ದರು. ಮೊದಮೊದಲು ಅವರ ಬದಲು ಗಂಡ ಬಂದು ಕೂರುತ್ತಿದ್ದ. ಒಂದು ಮೀಟಿಂಗಿಗೆ ತಾವೇ ಬಂದು, "ಅಣ್ಣಾ, ಪಂಪು ರಿಪೇರಿ ಪುಸ್ತಕ ಓದಿಸಿ. ನಮ್ ಕೇರೀದು ಯಾವತ್ತು ಬರ್ಕಂಡ್ರಿ, ಯಾವತ್ತು ಬಂದ್ರು, ಅದು ಬೇಕು ನಂಗೆ" ಎಂದು ಮಂಡಲ ಪ್ರಧಾನರನ್ನು ಕೇಳಿದರು. ಪ್ರಧಾನರು ನಮ್ಮ ಪಕ್ಷದವರು. ಪುಸ್ತಕ ತರಿಸಿ ಓದಿಸಲೇಬೇಕಾಯಿತು.

1992ರ ಹೊತ್ತಿಗೆ ಮಂಡಲಗಳ ಅವಧಿ ಮುಗಿಯಿತು. ರಾಜ್ಯದಲ್ಲಿದ್ದ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತು. ಪಂಚಾಯ್ತಿಗಳಿಗೆ ಸಂವಿಧಾನದ ಆಸರೆ ಕೊಟ್ಟು, ಹೆಂಗಸರಿಗೆ ಮೂರನೇ ಒಂದು ಪಾಲು ಕೊಟ್ಟ 73ನೇ ತಿದ್ದುಪಡಿ ದಿಲ್ಲಿಯಲ್ಲಿ ಪಾಸಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಲ್ಲಿ ಆಳುತ್ತಿದ್ದದ್ದೂ ಅದೇ ಪಕ್ಷ. ಈ ನಡುವೆ ಮಂಡಲಕ್ಕೆ ಬೇಗ ಚುನಾವಣೆ ನಡೆಸಿ ಎಂದು ನಮ್ಮ ಹೋಬಳಿಯಿಂದ ಒಂದು ಮನವಿ ಹೋಯಿತು. ಅದನ್ನು ಬರೆದವನು ನಾನು. ಗೌಡರು ಓದಿಸಿಕೊಂಡು ಕೇಳಿ, ಹೆಗಡೆಯವರನ್ನು ಹೊಗಳಿದ್ದ ಒಂದು ಸಾಲನ್ನು ತೆಗೆಸಿದರು. ಮಿಕ್ಕಿದ್ದಕ್ಕೆಲ್ಲ ಮೊದಲ ಸಹಿ ಅವರದೇ.