ಅರೆತಲೆನೋವು: ತಿಂದದ್ದು ಕಾರಣವೋ, ತಿನ್ನದಿದ್ದುದು ಕಾರಣವೋ?

"ತಲಿ ಒಂದ ಮಗ್ಗಲಾ ಸಿಡೀತೈತ್ರೀ ಸಿಸ್ಟರ್. ಬಿಸಲು, ಸಪ್ಪಳ ತಡಕೊಳ್ಳಾಕ ಆಗಂಗಿಲ್ಲ. ವಾಂತಿ ಆದ್ರ ಹಗುರ ಅನಸ್ತೈತಿ. ಪಿತ್ತ ಆಗೇತ್ರೀ." ಹೊರರೋಗಿ ವಿಭಾಗದಲ್ಲಿ ನಾವು ಮೇಲಿಂದ ಮೇಲೆ ಕೇಳುವ ಮಾತಿದು.

ಇಂಥ ನೋವು ಬಹಳ ಸಲ ಪಿತ್ತವಲ್ಲ, ಮೈಗ್ರೇನ್ ಅಂದರೆ ಅರೆತಲೆನೋವು. ಇದು ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ್ದು. ವಾಂತಿ ಇದರದೇ ಒಂದು ಲಕ್ಷಣ. ಔಷಧ ತೆಗೆದುಕೊಳ್ಳದಿದ್ದರೆ ನೋವು 4ರಿಂದ 72 ಗಂಟೆ ಇರಬಹುದು. ಬೆಂಗಳೂರು ನಗರ ಹಾಗೂ ಗ್ರಾಮಾಂತರದಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಹೆಣ್ಣುಮಕ್ಕಳಲ್ಲಿ ಮತ್ತು ಹಳ್ಳಿಗಳಲ್ಲಿ ಇದು ಹೆಚ್ಚಾಗಿತ್ತು.

ಊಟಕ್ಕೂ ನೋವಿಗೂ ಏನು ಸಂಬಂಧ?

ಮೈಗ್ರೇನ್ ಹೆಚ್ಚಾಗಿ ವಂಶದಲ್ಲಿ ಬರುವ ಗುಣ. ಆಹಾರ ಅದನ್ನು ಕೆರಳಿಸಬಹುದು, ಆದರೆ ಎಲ್ಲರಿಗೂ ಒಂದೇ ಪದಾರ್ಥ ಕೆರಳಿಸುವುದಿಲ್ಲ. ಕೆಲವರಿಗೆ ಮದ್ಯ, ಕೆಲವರಿಗೆ ಅತಿಯಾದ ಚಹಾ ಕಾರಣವಾಗುತ್ತದೆ.

ಎಲ್ಲಕ್ಕಿಂತ ಸಾಮಾನ್ಯ ಕಾರಣಗಳಲ್ಲಿ ಒಂದು ಬರಿಹೊಟ್ಟೆ. ನಸುಕಿನಲ್ಲಿ ಒಂದು ಕಪ್ ಚಹಾ ಕುಡಿದು ಕಳೆ ತೆಗೆಯಲು ಹೊಲಕ್ಕೆ ಹೋದವರು ರೊಟ್ಟಿ ಬಿಚ್ಚುವುದು ಮಧ್ಯಾಹ್ನಕ್ಕೆ. ನಡುವೆ ಬಿಸಿಲು, ನೀರೂ ಕಡಿಮೆ. ಸಂಜೆ ತಲೆ ಸಿಡಿದಾಗ ದೂರು ಮಾತ್ರ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಯ ಮೇಲೆ! ಶ್ರಾವಣ ಸೋಮವಾರದ ಉಪವಾಸದಲ್ಲೂ ಹೀಗೆಯೇ. ದಿನವೂ ಚಹಾ ಕುಡಿಯುವವರು ಅಂದು ಒಮ್ಮೆಲೇ ಬಿಟ್ಟರೂ ತಲೆನೋವು ಬರುತ್ತದೆ.

ಇನ್ನೊಂದು ಮಾತು. ನೋವಿನ ಮುನ್ನಾದಿನ ಕೆಲವರಿಗೆ ಆಕಳಿಕೆ, ಸಿಹಿ ತಿನ್ನುವ ಆಸೆ ಆಗುತ್ತದೆ. ಆಗ ಪೇಡೆ ತಿಂದು ಮರುದಿನ ತಲೆ ನೋವಾದರೆ ತಪ್ಪು ಪೇಡೆಯದೇ ಎನ್ನಲಾಗದು. ಆ ಆಸೆಯೇ ಮೈಗ್ರೇನ್ ಶುರುವಾದ ಸೂಚನೆ ಇರಬಹುದು.

ಹಾಗಾದರೆ ಏನು ಮಾಡಬೇಕು?

1. ಒಂದೊಂದಾಗಿ ಹಾಲು, ಮೊಸರು, ಕಾಳು, ಶೇಂಗಾ ಎಲ್ಲ ಬಿಡಬೇಡಿ. ತಲೆನೋವು ಉಳಿದು ನಿಶ್ಶಕ್ತಿಯೂ ಸೇರುತ್ತದೆ. ಗರ್ಭಿಣಿ, ಬಾಣಂತಿಯರು ವೈದ್ಯರನ್ನು ಕೇಳದೆ ಏನನ್ನೂ ಬಿಡಬಾರದು.
2. ಹೊಲಕ್ಕೆ ಹೋಗುವ ಮುನ್ನ ಅರ್ಧ ರೊಟ್ಟಿಯಾದರೂ ತಿನ್ನಿ, ನೀರು ಒಯ್ಯಿರಿ. ಉಪವಾಸದಲ್ಲಿ ಹಾಲು, ಹಣ್ಣು, ನೀರು ಸೇವಿಸಿರಿ.
3. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನ ಗುರುತು ಹಾಕಿ. ಹಿಂದಿನ ದಿನದ ಊಟ, ಊಟದ ಹೊತ್ತು, ನಿದ್ದೆ, ಮುಟ್ಟಿನ ದಿನ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿರಿ.
4. ಎರಡು ತಿಂಗಳಲ್ಲಿ ಒಂದೇ ಪದಾರ್ಥ ಮತ್ತೆ ಮತ್ತೆ ಕಂಡರೆ ಅದೊಂದನ್ನೇ ಒಂದು ತಿಂಗಳು ಬಿಟ್ಟು ನೋಡಿ. ವ್ಯತ್ಯಾಸವಾಗದಿದ್ದರೆ ಮತ್ತೆ ತಿನ್ನಿ.
5. ಅಂಗಡಿಯ ನೋವಿನ ಗುಳಿಗೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾದರೆ ವೈದ್ಯರಿಗೆ ತೋರಿಸಿ. ಅತಿಯಾದರೆ ಗುಳಿಗೆಯಿಂದಲೇ ತಲೆನೋವು ಬರುತ್ತದೆ.

ಮನೆಯವರಿಗೆ: ಇದು ಕೆಲಸ ತಪ್ಪಿಸುವ ನೆಪವಲ್ಲ. ಕತ್ತಲೆ ಕೋಣೆಯಲ್ಲಿ ಸಪ್ಪಳವಿಲ್ಲದೆ ಮಲಗಲು ಬಿಡಿ.

ತಡಮಾಡದೆ ಆಸ್ಪತ್ರೆಗೆ ಬನ್ನಿ: ಒಮ್ಮೆಲೇ ಸಿಡಿಲು ಬಡಿದಂಥ ನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ಗರ್ಭಿಣಿಗೆ ತಲೆನೋವಿನೊಡನೆ ಕಣ್ಣು ಮಂಜಾಗುವುದು. 50 ವರ್ಷದ ನಂತರ ಮೊದಲ ಸಲ ಇಂಥ ತಲೆನೋವು ಬಂದರೂ ತೋರಿಸಿಕೊಳ್ಳಿ.

ಬರುವಾಗ ಆ ಕ್ಯಾಲೆಂಡರನ್ನೂ ತನ್ನಿ. ವೈದ್ಯರಿಗೆ ಅದರಿಂದ ಬಹಳ ಅನುಕೂಲವಾಗುತ್ತದೆ.